ಎರಡು ಬೆರಳು

ಬಶೀರಾಬಾದಿನಲ್ಲಿ ಬಸ್ಸು ಪಂಕ್ಚರ್ ಆಗಿ ಎಲ್ಲರೂ ಇಳಿದೆವು. ರಸ್ತೆಬದಿಯ ಚಹಾದಂಗಡಿಯ ಶರಣಮ್ಮ ತಾನು ಸಾಕಿದ ಕೋಣವನ್ನು ಅಂದೇ ಮಾರಿದ್ದಳು. ಕೊಂಡವರು ಜಹೀರಾಬಾದಿನ ಮುದುಕರೊಬ್ಬರು. ಎಲ್ಲರಿಗೂ ಅವರು ಚಾಚಾ. ಇನ್ನೆರಡು ತಿಂಗಳು ಮೇಯಿಸಿ, ಮೈ ತುಂಬಿದ ಮೇಲೆ ಮಾಂಸಕ್ಕೆ ಕೊಡುತ್ತಾರಂತೆ. ಅವರು ಮುಂದಿಟ್ಟ ತೊಗರಿ ಹೊಟ್ಟನ್ನು ಕೋಣ ಮೂಸಿಯೂ ನೋಡಲಿಲ್ಲ.

“ಹಂಗ ತಿನ್ನಂಗಿಲ್ರಿ ಚಾಚಾ,” ಎಂದಳು ಶರಣಮ್ಮ. “ಗಂಡುಕರ ಅಂತ ಇದಕ ಯಾರೂ ಹಾಲು ಬಿಡಲಿಲ್ರಿ. ನಾ ಗಂಜ್ಯಾಗ ಬೆರಳು ಅದ್ದಿ ಚೀಪಿಸಿ ಬೆಳಸೀನಿ. ಈಗೂ ಮೇವಿಗಿಂತ ಮೊದಲ ಎರಡು ಬೆರಳು ಬೇಕು.”

ಬೆರಳು ಕೊಟ್ಟಳು. ಅಷ್ಟು ದೊಡ್ಡ ಕೊಂಬಿನ ಪ್ರಾಣಿ ಕಣ್ಣು ಮುಚ್ಚಿ ಚೀಪಿತು, ಆಮೇಲೆ ಬುಟ್ಟಿಗೆ ಬಾಯಿ ಹಾಕಿತು. ನನಗೆ ನಗು ಬಂತು. ಚಾಚಾ ನಗಲಿಲ್ಲ.

“ಅಲ್ಲಿ ಯಾರು ಕೊಡಬೇಕು, ಬೇಟಿ?”

“ನೀವೇ ಕೊಡ್ರಿ. ಬೀಡಿ ವಾಸನಿ ಮಾತ್ರ ಅದಕ ಆಗಂಗಿಲ್ಲ.”

ಚಾಚಾ ಸೇದುತ್ತಿದ್ದ ಬೀಡಿಯನ್ನು ಚಪ್ಪಲಿಯಡಿ ಹೊಸಕಿ, ಅಂಗಡಿಯ ಕೊಡದ ನೀರಿನಲ್ಲಿ ಬಲಗೈ ತೊಳೆದುಕೊಂಡರು. ಬೆರಳು ಮೂಸಿ ನೋಡಿದರು. ಮತ್ತೊಮ್ಮೆ ತೊಳೆದುಕೊಂಡರು.