ಬಾಗಿಲಾ ಮೊದಲ, ಕೀಲಿ ಆಮ್ಯಾಲೆ

ಗುರುನಾಥ ಅಂಕಲ್ ತಮ್ಮ ಗ್ಯಾರೇಜಿಗೆ ಬಂದವರ ಮುಖ ನೋಡುವ ಮೊದಲು ಕೈ ನೋಡುತ್ತಿದ್ದರು. ಬಾಗಿಲ ಪಕ್ಕದ ಗೋಡೆಗೆ ಉದ್ದನೆಯ ಮೊಳೆಯೊಂದನ್ನು ಹೊಡೆದಿದ್ದರು. ಉಂಗುರ, ಬಳೆ, ವಾಚು ಎಲ್ಲವನ್ನೂ ಅದಕ್ಕೆ ಸಿಕ್ಕಿಸಿಯೇ ಒಳಗೆ ಕಾಲಿಡಬೇಕಿತ್ತು. "ಬ್ಯಾಟರಿ ಮುಂದ ಬಂಗಾರನೂ ಒಂದ, ತಂತಿನೂ ಒಂದ. ಬಳಿ ತಗಿ, ಓಡ್ನಿ ಮನ್ಯಾಗ ಇಟ್ಟು ಬಾ," ಎಂದು ಮೊದಲ ದಿನವೇ ನನ್ನನ್ನು ವಾಪಸು ಕಳಿಸಿದ್ದರು. ಧಾರವಾಡ ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಅವರ ಮಾತಿಗೆ ನ್ಯೂಜೆರ್ಸಿಯ ಗಾಳಿ ತಾಗಿರಲಿಲ್ಲ. ಸಮರ್‌ಸೆಟ್‌ನಲ್ಲಿ ಅವರದು ನಮ್ಮ ಮನೆಯಿಂದ ಮೂರನೆಯ ಮನೆ.

ನಾವಿಬ್ಬರೂ ಒಂದೇ ಆಫೀಸಿನಲ್ಲಿ ಇದ್ದವರು. ನಮ್ಮ ಮ್ಯಾನೇಜರ್ ಮೋಹನ್ ಬೆಂಗಳೂರಿನವನು, ಅಂಕಲ್‌ಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅಂಕಲ್‌ರನ್ನು ಕೆಲಸದಿಂದ ತೆಗೆಯುವ ದಿನ ಎಲ್ಲರನ್ನೂ ಮೀಟಿಂಗ್ ಕೋಣೆಯಲ್ಲಿ ಕೂರಿಸಿಕೊಂಡು, ನಗುನಗುತ್ತಾ ಹೇಳಿದ: "ಸರ್, ಡೋಂಟ್ ಟೇಕ್ ಇಟ್ ಪರ್ಸನಲಿ. ನೀವೀಗ ಹಳೇ ಇಂಜಿನ್ ಥರ. ರಿಪೇರಿ ಮಾಡೋಕಿಂತ ರಿಪ್ಲೇಸ್ ಮಾಡೋದೇ ಈಸಿ." ನಾಲ್ಕು ಜನ ನಕ್ಕರು. ನಾನು ನಗಲಿಲ್ಲ, ಆದರೆ ಬಾಯಿ ಬಿಡಲೂ ಇಲ್ಲ. ನನ್ನ ವೀಸಾದ ಕಾಗದ ಅವನ ಸಹಿಗೆ ಕಾದು ಅವನ ಮೇಜಿನ ಮೇಲಿತ್ತು. ಕ್ಷಮಿಸುವುದು ದೊಡ್ಡ ಗುಣ ಎಂದು ಈಗ ನನಗೆ ಬುದ್ಧಿ ಹೇಳುವವರು ಯಾರೂ ಅವತ್ತು ಆ ಕೋಣೆಯಲ್ಲಿ ಕೂತಿರಲಿಲ್ಲ.

ಅದಾದ ತಿಂಗಳೊಳಗೆ ಅಂಕಲ್ ಪೆನ್ಸಿಲ್ವೇನಿಯಾದ ಯಾವುದೋ ಕೊಟ್ಟಿಗೆಯಿಂದ ಅರವತ್ತರ ದಶಕದ, ದೊಡ್ಡ ಎಂಜಿನ್ನಿನ ಮಸಲ್ ಕಾರೊಂದನ್ನು ಟ್ರಕ್ಕಿನ ಮೇಲೆ ಹೇರಿಸಿಕೊಂಡು ಬಂದರು. ಎಂಟು ಸಿಲಿಂಡರಿನ ಎಂಜಿನ್ನು ತುಕ್ಕು ಹಿಡಿದು ಜಾಮ್ ಆಗಿತ್ತು. ಅದನ್ನು ಕಾರಿನಿಂದ ಎತ್ತಿ ಸ್ಟ್ಯಾಂಡಿಗೆ ಬಿಗಿದು, ಆ ಸ್ಟ್ಯಾಂಡಿಗೆ ಒಂದು ಪಟ್ಟಿ ಅಂಟಿಸಿ, ಮೋಹನನ ಮಾತನ್ನು ಅಕ್ಷರ ಬಿಡದೆ ಅದರ ಮೇಲೆ ಬರೆದರು. "ಇದು ಅವನ ಕಿವಿಯಾಗ ಗುಡುಗಬೇಕು. ಅಲ್ಲೀತನಕ ನನಗ ಸಮಾಧಾನ ಇಲ್ಲ," ಎಂದರು. ಬಿಚ್ಚಲು ಬಾರದ ಬೋಲ್ಟುಗಳಿಗೆಲ್ಲ ಮೋಹನ ಎಂದೇ ಹೆಸರು. ಎಣ್ಣೆ ಬಿಟ್ಟು, ಎರಡು ದಿನ ನೆನೆಸಿ, ಕಡೆಗೊಮ್ಮೆ ಅದು ಕದಲಿದಾಗ, "ಬಾ ಮಗನ, ಹೊರಗ ಬಾ," ಎಂದು ಪ್ರೀತಿಯಿಂದ ಕರೆಯುತ್ತಿದ್ದರು.

ಶನಿವಾರಗಳಲ್ಲಿ ನಾನೂ ಹೋಗತೊಡಗಿದೆ. ಬಾಯಿ ಬಿಡದೆ ಕೂತ ತಪ್ಪಿಗೆ ಅದು ನಾನೇ ಹಾಕಿಕೊಂಡ ಶಿಕ್ಷೆ. ಅಷ್ಟು ಸೇಡಿನ ಮನುಷ್ಯ ಕೆಲಸದಲ್ಲಿ ಮಾತ್ರ ಒಂದು ದಿನವೂ ಆತುರ ಮಾಡಲಿಲ್ಲ. ಜ್ಯಾಕ್ ಒಂದನ್ನೇ ನಂಬಿ ಕಾರಿನಡಿ ತಲೆ ಹಾಕುವಂತಿಲ್ಲ. ಪೆಟ್ರೋಲು ತಾಗಿದ ಬಟ್ಟೆ ಮುಚ್ಚಳವಿರುವ ತಗಡಿನ ಡಬ್ಬಿಗೇ ಹೋಗಬೇಕು. ಹೊರಗೆ ಎಷ್ಟೇ ಹಿಮ ಬೀಳುತ್ತಿರಲಿ, ಯಾವ ಎಂಜಿನ್ನು ಚಾಲೂ ಮಾಡುವುದಿದ್ದರೂ ಗ್ಯಾರೇಜಿನ ಬಾಗಿಲು ಪೂರ್ತಿ ಮೇಲೇಳಬೇಕು. "ಆ ಹೊಗಿಯೊಳಗಿನ ವಿಷಕ್ಕ ವಾಸನಿ ಇರೂದಿಲ್ಲ ತಂಗಿ. ಬಾಗಿಲಾ ಮೊದಲ, ಕೀಲಿ ಆಮ್ಯಾಲೆ," ಎನ್ನುವರು. ಅವರ ಹೆಂಡತಿ ಸುಧಾ ಆಂಟಿ, "ದೇವರ ಮನಿಗೂ ಇಷ್ಟು ಮಡಿ ಇಲ್ಲ," ಎಂದು ಗೊಣಗುತ್ತಾ ಚಹಾ ಕಪ್ಪನ್ನು ಹೊಸ್ತಿಲಾಚೆಯೇ ಇಟ್ಟು ಹೋಗುತ್ತಿದ್ದರು.

ಎರಡನೆಯ ವರ್ಷದ ಆಯುಧಪೂಜೆಗೆ ಎಂಜಿನ್ನು ಮುಕ್ಕಾಲು ಮುಗಿದಿತ್ತು. ಕಾರ್ಬ್ಯುರೇಟರ್ ಕೂರಿಸುವುದು ಬಾಕಿ, ಅದರ ಜಾಗ ಬಾಯಿ ತೆರೆದುಕೊಂಡಿತ್ತು. ಅಂಕಲ್ ಆರತಿಗೆಂದು ಬ್ಯಾಟರಿಯ ಪುಟ್ಟ ದೀಪ ತಂದಿಟ್ಟಿದ್ದರು. ಅವರು ಕಾಯಿ ತರಲು ಒಳಗೆ ಹೋದಾಗ ನಾನು ಕುಂಕುಮದ ಕೈ ಒರೆಸಿಕೊಳ್ಳಲು ತಗಡಿನ ಡಬ್ಬಿಯಿಂದ ಬಟ್ಟೆಯೊಂದನ್ನು ಎಳೆದುಕೊಂಡೆ, ಒರೆಸಿ ಆರತಿ ತಟ್ಟೆಯ ಪಕ್ಕದಲ್ಲೇ ಇಟ್ಟೆ. ಕರ್ಪೂರವಿಲ್ಲದ ಮಂಗಳಾರತಿ ಎಂಥದ್ದು ಎನ್ನಿಸಿತು. ಐಸೆಲಿನ್‌ನ ಇಂಡಿಯನ್ ಅಂಗಡಿಯಿಂದ ತಂದ ಕರ್ಪೂರವನ್ನು ತಟ್ಟೆಯಲ್ಲಿಟ್ಟು ಕಡ್ಡಿ ಗೀರಿದೆ.

ಬಟ್ಟೆ ಭಗ್ ಎಂದಿತು. ಅಂಕಲ್ ಓಡಿಬಂದು ನನ್ನ ರಟ್ಟೆ ಹಿಡಿದು ಹೊರಗೆ ದಬ್ಬಿ, ಬೆಂಕಿ ಆರಿಸುವ ಸಿಲಿಂಡರಿನ ಪುಡಿಯನ್ನೆಲ್ಲ ಸುರಿದರು. ಬೆಂಕಿ ಆರಿತು. ಎಂಜಿನ್ನಿನ ತೆರೆದ ಬಾಯಿಗೂ ಆ ಪುಡಿ ತುಂಬಿತ್ತು. ಅದು ಲೋಹವನ್ನು ತಿನ್ನುತ್ತದಂತೆ. ಎರಡು ವರ್ಷದ ಕೆಲಸ ಮತ್ತೆ ಮೊದಲ ಬೋಲ್ಟಿಗೆ ಬಂದಿತ್ತು. ನಾನು ಡ್ರೈವ್‌ವೇಯಲ್ಲಿ ಕೂತು ಅತ್ತೆ. ಅವರು ಕರಕಲು ವಾಸನೆಯ ಕೈಯನ್ನು ನನ್ನ ತಲೆಯ ಮೇಲಿಟ್ಟು, "ಎಂಜಿನ್ ಮತ್ತ ಬಿಚ್ಚಿ ಕೂಡಸ್ಲಿಕ್ಕೆ ಬರ್ತದ. ನಿನ್ನ ಹಂಗ ಕೂಡಸ್ಲಿಕ್ಕೆ ಬರೂದಿಲ್ಲ," ಎಂದರು. ಆಮೇಲೆ, "ಮೋಹನಗ ಇನ್ನೊಂದು ವರ್ಷ ಆಯುಷ್ಯ ಹೆಚ್ಚು ಮಾಡಿದಿ ನೋಡು," ಎಂದು ನಕ್ಕರು.

ಕಳೆದ ವಸಂತದಲ್ಲಿ ಎಂಜಿನ್ನು ಕಾರಿನೊಳಗೆ ಕೂತಿತು, ಒಂದೇ ಒಂದು ಸಲ ಓಡಿತು. ಅಂಕಲ್ ಕಣ್ಣು ಮುಚ್ಚಿ ಕೇಳಿ, ಆರಿಸಿಬಿಟ್ಟರು. ಮುಂದಿನ ಭಾನುವಾರ ಮೋಹನನ ಮನೆಯ ಮುಂದೆಯೇ ಮತ್ತೆ ಕೀಲಿ ತಿರುಗಿಸುವುದಾಗಿ ಹೇಳಿದರು. ಗುರುವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಹದಿಮೂರನೆಯ ದಿನದ ಊಟಕ್ಕೆ ಡ್ರೈವ್‌ವೇಯಲ್ಲಿ ಕುರ್ಚಿ ಹಾಕಿದ್ದರು. ಮೋಹನನೂ ಬಂದಿದ್ದ. ಸ್ಟ್ಯಾಂಡಿನ ಮೇಲಿನ ಪಟ್ಟಿಯ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಯಾರೂ ಕೇಳದಿದ್ದರೂ ಎದ್ದು ನಿಂತ. "ಸರ್‌ಗೆ ಇನ್‌ಸ್ಪಿರೇಶನ್ ನಾನೇ ಅನ್ಬೋದು. ಅವತ್ತು ನಾನು ಆ ಮಾತು ಹೇಳದೆ ಇದ್ದಿದ್ರೆ ಈ ಕಾರೇ ಇರ್ತಿರ್ಲಿಲ್ಲ," ಎಂದ. ಪಕ್ಕದಲ್ಲಿದ್ದ ಸುಧಾ ಆಂಟಿ ಸೊಂಟದಿಂದ ಕಾರಿನ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

ಪಕ್ಕದ ಬಾಗಿಲಿನಿಂದ ಗ್ಯಾರೇಜಿಗೆ ಹೋದೆ. ಬಳೆ ತೆಗೆದು ಮೊಳೆಗೆ ಹಾಕಿದೆ. ದೊಡ್ಡ ಬಾಗಿಲನ್ನು ಪೂರ್ತಿ ಮೇಲೆತ್ತಿದೆ. ಕುರ್ಚಿಗಳೆಲ್ಲ ಈ ಕಡೆ ತಿರುಗಿದವು. ಆಮೇಲೆ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದೆ.

ಎಂಟೂ ಸಿಲಿಂಡರುಗಳು ಒಟ್ಟಿಗೆ ಗುಡುಗಿದವು. ಮೋಹನನ ಬಾಯಿ ಆಡುತ್ತಿತ್ತು, ಮಾತು ಯಾರಿಗೂ ಕೇಳಿಸಲಿಲ್ಲ. ಸುಧಾ ಆಂಟಿ ಕಿಟಕಿಗೆ ಬಗ್ಗಿ, "ಇನ್ನೊಂದೀಟು ಒತ್ತವಾ," ಎಂದರು. ಆಫೀಸಿನ ಆ ಕೋಣೆಯಲ್ಲಿ ನಾನು ಆಡದೆ ಬಿಟ್ಟ ಮಾತೇ ಆ ಗುಡುಗು. ಮೋಹನ ಕುರ್ಚಿಯಲ್ಲಿ ಕೂರುವವರೆಗೂ ನಾನು ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ.