ಮುಂಜಾನೆ ಹಚ್ಚಿದ ಎಳೆ

ಇಳಕಲ್ಲಿನ ನಮ್ಮ ಮನೆಯಲ್ಲಿ ಸೀರೆಯ ಸೆರಗಿನ ರೇಷ್ಮೆ ಎಳೆಗಳನ್ನು ಒಡಲಿನ ನೂಲಿಗೆ ಒಂದೊಂದಾಗಿ ಕೊಂಡಿ ಹಾಕಿ ಹಚ್ಚುವ ಕೆಲಸ ಅವ್ವನದು. ಬಿಸಿಲೇರುವ ಮೊದಲೇ ಮುಗಿಸುತ್ತಿದ್ದಳು. ಓಣಿಯ ಮೂರ್ನಾಲ್ಕು ಹೆಂಗಸರೂ ಬಂದು ಕೂಡುತ್ತಿದ್ದರು. ಅವರ ನಗು ಕೇಳುತ್ತಲೇ ನಾನು ಏಳುತ್ತಿದ್ದೆ. "ಮುಂಜಾನಿ ಹಚ್ಚಿದ ಎಳಿ ಲಗೂನ ಹರಿಯೂದಿಲ್ಲ" ಎಂಬುದು ಅವ್ವನ ಮಾತು.

ಬಾಗಲಕೋಟೆಯಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದ ನನಗೆ ಆಗ ಎರಡು ಕೋಡು ಮೂಡಿದ್ದವು. ಪ್ರಾಜೆಕ್ಟಿಗೆ ಅವ್ವನ ಮಾತನ್ನೇ ಪರೀಕ್ಷೆಗೆ ಹಚ್ಚಿದೆ. ಆರು ಸೀರೆಗೆ ಮುಂಜಾನೆ, ಆರಕ್ಕೆ ಮಧ್ಯಾಹ್ನ. ಯಾವುದಕ್ಕೆ ಯಾವ ಹೊತ್ತೆಂದು ಚೀಟಿ ಎತ್ತಿದೆ. ಮಗ್ಗದ ಮೇಲೆ ಹರಿದ ಎಳೆಗಳನ್ನು ಎಣಿಸಿದೆ. ಮುಂಜಾನೆಯವು ಕಡಿಮೆಯೇ ಹರಿದಿದ್ದವು. ಆದರೆ ಹೊತ್ತಿನಿಂದ ಏನೂ ಫರಕು ಆಗುವುದಿಲ್ಲ ಎಂದಿಟ್ಟುಕೊಂಡರೂ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಬರೀ ಆಕಸ್ಮಿಕವಾಗಿ ನೂರಕ್ಕೆ ಹತ್ತು ಸಲವಾದರೂ ಬರಬಹುದಿತ್ತು. ನೂರಕ್ಕೆ ಐದು ಸಲಕ್ಕಿಂತ ಕಡಿಮೆಯಿದ್ದರೆ ಮಾತ್ರ ಅಂತರವನ್ನು ಲೆಕ್ಕಕ್ಕೆ ಹಿಡಿ ಎನ್ನುತ್ತಿತ್ತು ನಮ್ಮ ಪುಸ್ತಕ.

"ಅವ್ವಾ, ನಿನ್ನ ಮಾತು ಖರೆ ಅಲ್ಲ" ಎಂದೆ.

"ಹೌದೇನಪಾ" ಎಂದಳು. ಮುಂಜಾನೆಯೇ ಆಗಬೇಕೆಂದಿಲ್ಲವಲ್ಲ ಎಂದು ಮರುದಿನದಿಂದ ಎಳೆ ಹಚ್ಚುವುದು ಊಟದ ನಂತರಕ್ಕೆ ಹೋಯಿತು. ಆ ಹೊತ್ತಿಗೆ ಬಿಡುವಿಲ್ಲದ ಹೆಂಗಸರು ಬರುವುದೂ ನಿಂತಿತು.

ಈಗ ಹುನಗುಂದದ ಕಾಲೇಜಿನಲ್ಲಿ ಅದೇ ಪಾಠ ಹೇಳುತ್ತೇನೆ. ಮೊನ್ನೆ ಒಬ್ಬ ಹುಡುಗಿ ಎದ್ದು ಕೇಳಿದಳು: "ಫರಕ್ ಐತಿ ಅಂತ ಸಾಬೀತ ಆಗಲಿಲ್ಲಂದ್ರ, ಫರಕ್ ಇಲ್ಲ ಅಂತ ಸಾಬೀತ ಆದಂಗೇನ್ರಿ ಸರ್?"

"ಹಂಗಲ್ಲವ್ವಾ" ಎಂದೆ. ಪರೀಕ್ಷೆ ಸಣ್ಣದಾದರೆ ಇದ್ದ ಫರಕೂ ಕಾಣದೆ ಹೋಗಬಹುದು, ಈಗ ಆರಾರೇ ಸೀರೆ ತೆಗೆದುಕೊಂಡರೆ... ಎನ್ನುತ್ತ ನಿಂತುಬಿಟ್ಟೆ. ವರ್ಷವರ್ಷ ಕಲಿಸಿದ್ದೆ, ಮನೆಗೆ ಮಾತ್ರ ಒಯ್ದಿರಲಿಲ್ಲ. ನಾಚಿಕೆಯಾಯಿತು.

ಸಂಜೆ ಬಸ್ಸಿಳಿದವನೇ ಅವ್ವನ ಮುಂದೆ ಕೂತೆ. "ತಪ್ಪು ನಂದವ್ವಾ. ನಿನ್ನ ಮಾತು ಸುಳ್ಳಂತ ಅವತ್ತು ಗೊತ್ತಾಗಿರಲೇ ಇಲ್ಲ. ನನ್ನ ಪರೀಕ್ಷಾನ ಸಾಲದಾಗಿತ್ತು."

ಅವ್ವ ನಕ್ಕಳು. "ಮಧ್ಯಾಹ್ನ ಹಚ್ಚಿದ್ದು ಹೆಚ್ಚಿಗಿ ಹರೀತಿತ್ತು, ನನಗ ಕಾಣ್ತಿರಲಿಲ್ಲೇನು? ಮಗಾ ಕಲಿತು ಬಂದಾನಂತ ಓಣಿ ತುಂಬ ಹೇಳ್ಕೊಂಡಿದ್ದೆ. ನಿನ್ನ ಮಾತು ಸುಳ್ಳ ಮಾಡಾಕ ಮನಸ ಬರಲಿಲ್ಲ."

ಅಷ್ಟು ವರ್ಷ, ಹರಿದ ಎಳೆಗಳನ್ನೆಲ್ಲ ಅವಳು ಯಾರಿಗೂ ಹೇಳದೆ ಮತ್ತೆ ಹಚ್ಚುತ್ತ ಬಂದಿದ್ದಳು.