ಮೇಷ್ಟ್ರ ಎಡಗಣ್ಣು

ಮೊನ್ನೆ ಮೊನ್ನೆಯವರೆಗೂ ನಮ್ಮಣ್ಣ ತಾನಾಗಿ ಒಂದೇ ಒಂದು ಫೋಟೋವನ್ನೂ ಇದ್ದದ್ದು ಇದ್ದ ಹಾಗೆ ಸ್ಟುಡಿಯೋದಿಂದ ಹೊರಗೆ ಕೊಟ್ಟವನಲ್ಲ. ಇದನ್ನು ಅವನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ. ನಾನು ಹಲ್ಲು ಕಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದೆ.

ಕೆಳಗೆ ಸ್ಟುಡಿಯೋ, ಮೇಲೆ ಬಾಡಿಗೆ ಮನೆ. ಅತ್ತಿಗೆ ತೀರಿಕೊಂಡ ಮೇಲೆ ಉಳಿದವರು ನಾವಿಬ್ಬರೇ. ಬೀದಿಯವರ ಬಾಯಲ್ಲಿ ಅವನು ‘ಫೋಟೋದವರು’, ನಾನು ‘ಫೋಟೋದವರ ತಂಗಿ’. ಅವನು ತೆಗೆಯುತ್ತಾನೆ, ನಾನು ಅಳತೆಗೆ ಕತ್ತರಿಸಿ ಕವರಿಗೆ ಹಾಕುತ್ತೇನೆ. ಮೂವತ್ತು ವರ್ಷದಿಂದ ಇದೇ. ರೀಲಿನ ಕಾಲದಲ್ಲಿ ಅವನು ನೆಗೆಟಿವ್ ಮೇಲೆ ಸೂಜಿಮೊನೆಯ ಪೆನ್ಸಿಲ್ ಹಿಡಿದು ಜನರ ಮೊಡವೆ, ಗಾಯದ ಗುರುತು, ಕಣ್ಣಡಿಯ ಕಪ್ಪು ಎಲ್ಲವನ್ನೂ ಅಳಿಸುತ್ತಿದ್ದ. ಕಂಪ್ಯೂಟರ್ ಬಂದ ಮೇಲಂತೂ ಮೊದಲೇ ಕೋತಿ, ಅದಕ್ಕೆ ಹೆಂಡ ಕುಡಿಸಿದ ಹಾಗಾಯಿತು.

ನನ್ನ ಎಡಗೆನ್ನೆಯ ಮೇಲೆ ಹುಟ್ಟಿನಿಂದ ಬಂದ ಒಂದು ಕಂದು ಮಚ್ಚೆಯಿದೆ, ಕಿವಿಯಿಂದ ತುಟಿಯಂಚಿನವರೆಗೆ. ಇದನ್ನು ಈಗಲೇ ಹೇಳಿಬಿಡಬೇಕು, ಯಾಕೆಂದರೆ ನಮ್ಮ ಮನೆಯ ಫೋಟೋಗಳನ್ನು ನೋಡಿದರೆ ನಿಮಗೆ ಅದು ಗೊತ್ತಾಗುವುದಿಲ್ಲ. ಕ್ಯಾಮೆರಾ ಎತ್ತಿದಾಗಲೆಲ್ಲ ಅಣ್ಣ “ಪುಟ್ಟಿ, ಸ್ವಲ್ಪ ಎಡಕ್ಕೆ ತಿರುಗು” ಎನ್ನುತ್ತಾನೆ. ತಿರುಗಿದ ಮೇಲೂ ಕಾಣುವಷ್ಟನ್ನು ಆಮೇಲೆ ಕೂತು ಒರೆಸುತ್ತಾನೆ. ಐವತ್ತೆರಡು ವರ್ಷದ ಹೆಂಗಸನ್ನು ಪುಟ್ಟಿ ಎಂದು ಕರೆಯುವುದನ್ನಾದರೂ ಸಹಿಸಬಹುದು, ಇದನ್ನು ಸಹಿಸುವುದು ಕಷ್ಟ.

ಎಲ್ಲರ ಕೈಗೂ ಮೊಬೈಲು ಬಂದು ಸ್ಟುಡಿಯೋ ಖಾಲಿ ಹೊಡೆಯತೊಡಗಿದಾಗ ಅಣ್ಣ ಸಾಕುನಾಯಿಗಳ ಫೋಟೋ ತೆಗೆಯಲು ಶುರು ಮಾಡಿದ. ಮಂಡಿನೋವು ಇಟ್ಟುಕೊಂಡು ನೆಲದ ಮೇಲೆ ಹೊಟ್ಟೆ ಅಡಿ ಮಾಡಿ ಮಲಗುತ್ತಾನೆ. ಅವನ ಬೆನ್ನ ಹಿಂದೆ ನಿಂತು ಪೀಪಿ ಗೊಂಬೆ ಹಿಸುಕುವುದು, ಬಿಸ್ಕತ್ತಿನ ಪ್ಯಾಕೆಟ್ ಪರಪರ ಎನಿಸುವುದು ನನ್ನ ಕೆಲಸ. ನಾಯಿ ಕಿವಿ ನಿಮಿರಿಸಿ ಕತ್ತು ಓರೆ ಮಾಡುವುದು ಒಂದೇ ಗಳಿಗೆ. ಸರಿಯಾಗಿ ಅದೇ ಗಳಿಗೆಯಲ್ಲಿ ಗಂಡ, ಹೆಂಡತಿ, ಮಕ್ಕಳು ಮೂರು ದಿಕ್ಕಿನಿಂದ ಅದರ ಹೆಸರು ಹಿಡಿದು ಕೂಗುತ್ತಾರೆ. ನಾಯಿ ಮೂರೂ ಕಡೆ ನೋಡಿ, ಬೇಸತ್ತು, ಬಂದು ಲೆನ್ಸ್ ನೆಕ್ಕುತ್ತದೆ. ‘ಸುಮ್ಮನೆ ಕೂತ್ಕೋ’ ಎಂದು ನಾವು ಹೇಳಬೇಕಾಗಿರುವುದು ನಾಯಿಗಳಿಗಲ್ಲ.

ಒಮ್ಮೆ ಒಬ್ಬ ಅಜ್ಜಿ ತನ್ನ ಹನ್ನೆರಡು ವರ್ಷದ ನಾಯಿಯ ಫೋಟೋ ತೆಗೆಸಿಕೊಂಡು ಹೋಗಿದ್ದರು. ಪ್ರಿಂಟ್ ಕೈಗೆ ಕೊಟ್ಟಾಗ ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಇದು ಯಾರ ನಾಯಿ?”

“ನಿಮ್ಮದೇ, ಅಮ್ಮ.”

“ನಮ್ಮದರ ಮೂತಿ ಬಿಳಿ. ಒಂದೊಂದು ಕೂದಲು ಬೆಳ್ಳಗಾಗೋದನ್ನೂ ನಾನು ನೋಡಿದ್ದೀನಿ. ಅದನ್ನ ವಾಪಸ್ ಹಾಕಿಕೊಡಿ.”

ಅಣ್ಣ ಹಾಕಿಕೊಟ್ಟ. ಆಕೆ ಹೊರಟುಹೋದ ಮೇಲೆ “ಕೆಲವರಿಗೆ ಚೆಂದ ಅನ್ನೋದೇ ಗೊತ್ತಾಗಲ್ಲ” ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಬೀದಿಯಲ್ಲಿ ಗಾಯಗೊಂಡು ಬಿದ್ದ ನಾಯಿಗಳನ್ನು ಎತ್ತಿ ತಂದು ಉಳಿಸುವ ಪಶುವೈದ್ಯೆಯೊಬ್ಬರಿದ್ದಾರೆ, ನಾವು ಡಾಕ್ಟರಮ್ಮ ಎನ್ನುತ್ತೇವೆ. ಆ ನಾಯಿಗಳಿಗೆ ಮನೆ ಹುಡುಕಲೆಂದು ಫೋಟೋ ತೆಗೆಯಲು ಹೋದ ಅಣ್ಣ, ಅವರ ಶೆಡ್ಡಿನಲ್ಲಿ ಬೆಳಕು ಸಾಲದು ಎಂದು ಒಂದು ನಾಯಿಯನ್ನು ಎರಡು ದಿನದ ಮಟ್ಟಿಗೆ ಮನೆಗೆ ತಂದ. ಆ ಎರಡು ದಿನ ಇನ್ನೂ ಮುಗಿದಿಲ್ಲ. ಒಂದಕ್ಕೆ ಮನೆ ಸಿಕ್ಕಿ ಹೋದರೆ ಇನ್ನೊಂದು ಬರುತ್ತದೆ. ಇಲ್ಲಿಯವರೆಗೆ ಇಪ್ಪತ್ತಮೂರು ನಾಯಿಗಳು ನಮ್ಮ ಸೋಫಾ ಹರಿದು, ನನ್ನ ಚಪ್ಪಲಿ ತಿಂದು, ಒಳ್ಳೆಯ ಮನೆ ಸೇರಿವೆ. ಹೊರಡುವ ದಿನ ನಾಯಿ, ಅದರ ಹೊಸ ಮನೆಯವರು ಮತ್ತು ನನ್ನನ್ನು ಕೂರಿಸಿ ಅಣ್ಣ ಒಂದು ಫೋಟೋ ತೆಗೆದು ಮೆಟ್ಟಿಲ ಗೋಡೆಗೆ ಹಾಕುತ್ತಾನೆ. ಇಪ್ಪತ್ತಮೂರರಲ್ಲೂ ನಾನು ಎಡಕ್ಕೆ ನೋಡುತ್ತಿದ್ದೇನೆ, ಅಲ್ಲೇನೋ ಬೆಂಕಿ ಬಿದ್ದಿದೆ ಎಂಬಂತೆ.

ಮನೆ ಮಾಲೀಕರು ಇದಕ್ಕೆಲ್ಲ ಒಂದೇ ಷರತ್ತು ಹಾಕಿದ್ದಾರೆ. “ನಾಯಿ ಬಂದು ಹೋಗೋದಾದ್ರೆ ಬರಲಿ. ಮೂರು ತಿಂಗಳ ಮೇಲೂ ಉಳಿಯೋದಾದ್ರೆ, ನೀವು ಉಳಿಯಲ್ಲ.”

ಇಪ್ಪತ್ನಾಲ್ಕನೆಯದಾಗಿ ಬಂದವನು ಮೇಷ್ಟ್ರು. ಒಂದು ಕಣ್ಣಿನಲ್ಲಿ, ಹೋಮ್‌ವರ್ಕ್ ಮಾಡದ ಹುಡುಗರನ್ನು ನೋಡಿದಂತೆ ನೋಡುತ್ತಾನೆ, ಅದಕ್ಕೆ ನಾನಿಟ್ಟ ಹೆಸರು. ಎಡಗಣ್ಣು ಇಲ್ಲ, ಹೊಲಿಗೆ ಹಾಕಿ ಮುಚ್ಚಿದ್ದಾರೆ. ಎಡಗಡೆಯ ಹಲ್ಲುಗಳೂ ಉದುರಿರುವುದರಿಂದ ನಾಲಿಗೆ ಸದಾ ಆ ಕಡೆಗೆ ಜಾರಿಕೊಂಡಿರುತ್ತದೆ. ಬಲಗಡೆಯಿಂದ ನೋಡಿದರೆ ಮಾತ್ರ ರಾಜ. ಶೆಡ್ಡಿನಲ್ಲಿ ನಲವತ್ತು ನಾಯಿಗಳ ಮಧ್ಯೆ, ಎಡಗಡೆಯಿಂದ ಬರುವ ನಾಯಿ ಕಾಣದೆ ಕಚ್ಚಿಸಿಕೊಂಡು ಕಚ್ಚಿಸಿಕೊಂಡು ಆ ಕಡೆಯ ಕಿವಿ ಹರಿದು ಎರಡಾಗಿತ್ತು. ಡಾಕ್ಟರಮ್ಮ ಅವನನ್ನು ಬಿಟ್ಟು ಹೋಗುವಾಗ “ಇವನು ವಾಪಸ್ ಬರೋ ಹಾಗಾಗಬಾರದು, ನೋಡಿ. ಅಲ್ಲಿ ಬದುಕಲ್ಲ” ಎಂದಿದ್ದರು.

ಅಣ್ಣ ಅವನ ಫೋಟೋ ತೆಗೆದ. ಕಂಪ್ಯೂಟರಿನಲ್ಲಿ ನಾಲಿಗೆ ಒಳಗೆ ಹಾಕಿದ, ಕಿವಿ ಹೊಲಿದ. ಆಮೇಲೆ ಬಲಗಣ್ಣನ್ನೇ ನಕಲು ಮಾಡಿ ಎಡಗಡೆಗೆ ಅಂಟಿಸಿದ. ನನಗೆ ಮೈ ಉರಿದು ಹೋಯಿತು.

“ಇಲ್ಲದ ಕಣ್ಣು ಎಲ್ಲಿಂದ ಬಂತು ಅಣ್ಣ?”

“ಮೊದಲು ಜನ ಬರಲಿ ಪುಟ್ಟಿ. ಬಂದು ಅವನ ಗುಣ ನೋಡಿದ್ರೆ ಕಣ್ಣು ಯಾರಿಗೆ ಬೇಕು?”

ಆ ಫೋಟೋ ನೋಡಿ ಜನ ಬಂದರು, ಅದನ್ನು ಅಲ್ಲಗಳೆಯುವಂತಿಲ್ಲ. ಮೊದಲು ಬಂದ ದಂಪತಿಯ ಮಗಳು ಮೇಷ್ಟ್ರನ್ನು ಕಂಡು ಅಮ್ಮನ ಹಿಂದೆ ಅಡಗಿಕೊಂಡಳು. ಎರಡನೆಯವರು ನಿವೃತ್ತ ಬ್ಯಾಂಕ್ ಮ್ಯಾನೇಜರು; ಮೊಬೈಲಿನ ಫೋಟೋವನ್ನು ನಾಯಿಯ ಮುಖದ ಪಕ್ಕ ಹಿಡಿದು, ಸಹಿ ತಾಳೆ ನೋಡಿದಂತೆ ನೋಡಿ, “ಇದು ಅದಲ್ಲ” ಎಂದು ತೀರ್ಪು ಕೊಟ್ಟರು. ಮೂರನೆಯವರು ಕಾಫಿ ಕುಡಿದು, ಯೋಚಿಸಿ ಹೇಳುತ್ತೇವೆ ಎಂದರು. ನಾಲ್ಕನೆಯಾಕೆ ಗೇಟಿನಾಚೆಯಿಂದಲೇ ವಾಪಸಾದರು. ಪ್ರತಿಸಲವೂ ನಾನು ಅವನಿಗೆ ಸ್ನಾನ ಮಾಡಿಸಿ ಮೈ ಬಾಚಿದ್ದೆ. ಬೆಲ್ ಆದ ಕೂಡಲೇ ಅವನು ಬಾಲ ಬೀಸುತ್ತ ಬಾಗಿಲಿಗೆ ಓಡುತ್ತಿದ್ದ, ಬಂದವರೆಲ್ಲ ತನಗಾಗಿಯೇ ಬಂದವರು ಎಂದು ಅವನಿಗೆ ತಿಳಿದಿತ್ತು.

ಐದನೆಯ ಸಲ ಬೆಲ್ ಆದಾಗ ಮೇಷ್ಟ್ರು ಓಡಲಿಲ್ಲ. ಎದ್ದು, ನಿಧಾನಕ್ಕೆ ನಡೆದು, ನಾನು ಫೋಟೋ ಕತ್ತರಿಸುವ ಮೇಜಿನ ಕೆಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಬಂದವರು ಹೋದ ಮೇಲೂ ಏಳಲಿಲ್ಲ. ನನಗೆ ದುಃಖಕ್ಕಿಂತ ಮೊದಲು ಕೋಪ ನೆತ್ತಿಗೇರಿತು.

“ಆ ಕಣ್ಣು ತೆಗೆದುಹಾಕು ಅಣ್ಣ.”

“ತೆಗೆದ್ರೆ ಯಾರು ಬರ್ತಾರೆ?”

“ಈಗ ಬಂದವರು ಏನು ಮಾಡಿದ್ರು? ಆ ಬಟ್ಟೆ ಅಂಗಡಿಯವರು ಮಾಡಿದ್ದನ್ನೇ ಮಾಡಿದ್ರು.”

ಅಣ್ಣನಿಗೆ ತಕ್ಷಣ ಅರ್ಥವಾಯಿತು. ನನಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ದೊಡ್ಡದೊಂದು ಬಟ್ಟೆ ಅಂಗಡಿಯ ಕೌಂಟರ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಅರ್ಜಿಗೆ ಅಂಟಿಸಿದ್ದು ಅಣ್ಣ ತೆಗೆದು, ತಿದ್ದಿದ ಫೋಟೋ. ಕರೆದರು, ಹೋದೆ. ಅಲ್ಲಿನ ಮ್ಯಾನೇಜರು ಫೋಟೋ ನೋಡಿ, ನನ್ನನ್ನು ನೋಡಿ, ಫೋಟೋ ಮಗುಚಿ ಅದರ ಹಿಂಭಾಗವನ್ನೂ ನೋಡಿದರು. “ತಿಳಿಸ್ತೀವಿ” ಎಂದರು. ಮೂವತ್ತು ವರ್ಷವಾಯಿತು, ಇನ್ನೂ ತಿಳಿಸಿಲ್ಲ. ಅವತ್ತೂ ಅಣ್ಣ ಇದೇ ಮಾತು ಹೇಳಿದ್ದ: ಮೊದಲು ಕರೀಲಿ ಅಂತ ಹಾಗೆ ಮಾಡಿದೆ ಪುಟ್ಟಿ. ಆಮೇಲೆ ನಾನು ಬೇರೆಲ್ಲೂ ಅರ್ಜಿ ಹಾಕಲಿಲ್ಲ. ಇದೇ ಮೇಜಿನ ಮುಂದೆ ಕತ್ತರಿ ಹಿಡಿದು ಕೂತೆ.

“ನಿನ್ನ ಒಳ್ಳೇದಕ್ಕೇ ಮಾಡಿದ್ದು” ಎಂದ ಅಣ್ಣ, ಸಣ್ಣ ದನಿಯಲ್ಲಿ.

“ಗೊತ್ತು. ಅದಕ್ಕೇ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ಇಷ್ಟು ಫೋಟೋ ಇದೆಯಲ್ಲ ಈ ಮನೇಲಿ, ಯಾವುದರಲ್ಲಿ ನಾನಿದ್ದೀನಿ ತೋರಿಸು.”

ಮಾಲೀಕರ ಮೂರು ತಿಂಗಳು ತುಂಬಲು ಒಂದೇ ವಾರ ಉಳಿದಿತ್ತು.

ನಾನು ನನ್ನ ಮೊಬೈಲು ಹಿಡಿದು ಮೇಜಿನ ಕೆಳಗೆ ತೂರಿದೆ. ಮೇಷ್ಟ್ರು ನನ್ನ ಭುಜದ ಮೇಲೆ ತಲೆಯಿಟ್ಟ. ಕೈ ಚಾಚಿ ಎಡಗಡೆಯಿಂದಲೇ ಒಂದು ಫೋಟೋ ತೆಗೆದೆ. ಹೊಲಿದ ಕಣ್ಣು, ಹರಿದ ಕಿವಿ, ಜೋಲು ನಾಲಿಗೆ ಎಲ್ಲ ಬಂತು. ನನ್ನ ಕೆನ್ನೆಯೂ ಅರ್ಧ ಬಂತು, ಬಂದರೆ ಬರಲಿ ಎಂದು ಬಿಟ್ಟೆ. ಕೆಳಗೆ ಬರೆದೆ: ‘ಇವನಿಗೆ ಎಡಗಣ್ಣಿಲ್ಲ. ಆ ಕಡೆಯಿಂದ ಮುಟ್ಟಿದರೆ ಬೆಚ್ಚುತ್ತಾನೆ, ಮೊದಲು ಮಾತಾಡಿಸಬೇಕು. ನಾಲಿಗೆ ಒಳಗೆ ಹೋಗುವುದಿಲ್ಲ. ಗೊರಕೆ ಹೊಡೆಯುತ್ತಾನೆ. ಮೊದಲು ಹಾಕಿದ್ದ ಫೋಟೋ ಸುಳ್ಳು.’ ಡಾಕ್ಟರಮ್ಮನಿಗೆ ಕಳಿಸಿದೆ, ಅವರು ಎಲ್ಲ ಕಡೆ ಹಾಕಿದರು.

ಮರುದಿನ ಅಣ್ಣ ಅದನ್ನು ತನ್ನ ಕಂಪ್ಯೂಟರಿನಲ್ಲಿ ತುಂಬ ಹೊತ್ತು ನೋಡಿದ. “ಬೆಳಕು ಹಿಂದಿನಿಂದ ಬಂದಿದೆ” ಎಂದ.

ಐದು ದಿನ ಒಂದು ಫೋನೂ ಬರಲಿಲ್ಲ. ಸುಳ್ಳು ಕಣ್ಣಿಗೆ ಐದು ಜನ ಬಂದಿದ್ದರು, ನಿಜಕ್ಕೆ ನರಪಿಳ್ಳೆಯೂ ಇಲ್ಲ. ಅಣ್ಣ ‘ನಾನು ಹೇಳಿರಲಿಲ್ವಾ’ ಎಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ, ಅದನ್ನೂ ಅವನು ಅನ್ನಲಿಲ್ಲ. ಮೇಷ್ಟ್ರ ಬಟ್ಟಲು, ಹೊದಿಕೆ, ಔಷಧಿಗಳನ್ನು ನಾನೇ ಒಂದು ಚೀಲಕ್ಕೆ ತುಂಬಿದೆ. ನನ್ನ ಹಟದಿಂದ ಅವನಿಗಿದ್ದ ಒಂದು ಬಾಗಿಲನ್ನೂ ನಾನೇ ಮುಚ್ಚಿದೆ ಅನ್ನಿಸಿ, ಆ ದಿನ ಯಾವ ಫೋಟೋವನ್ನೂ ನೆಟ್ಟಗೆ ಕತ್ತರಿಸಲಾಗಲಿಲ್ಲ.

ಆರನೆಯ ದಿನ ಬೆಳಿಗ್ಗೆ ಫೋನ್ ಬಂತು. ಪೇಟೆಯಾಚೆ ಸ್ಕೂಟರ್ ರಿಪೇರಿ ಅಂಗಡಿ ಇಟ್ಟವರಂತೆ. ನಾಯಿ ಚೆಂದವೇ, ವಯಸ್ಸೆಷ್ಟು ಎಂದೇನೂ ಕೇಳಲಿಲ್ಲ.

“ಎಡಗಣ್ಣೇ ಅಲ್ವಾ, ಇಲ್ಲದಿರೋದು?”

“ಹೌದು. ಬರೆದಿದ್ದೀನಲ್ಲ.” ನನ್ನ ದನಿ ಒರಟಾಗಿಯೇ ಇತ್ತು.

“ಮತ್ತೊಂದ್ಸಲ ಕೇಳ್ದೆ ಅಷ್ಟೇ ಅಕ್ಕ. ಅಂಗಡೀಲಿ ಮೂಲೆ ಖಾಲಿ ಮಾಡ್ತಿದ್ದೆ. ಟೈರೆಲ್ಲ ಆಚೆ ಹಾಕೋಕೆ ನಾಲ್ಕು ದಿನ ಹಿಡೀತು. ಅಲ್ಲಿ ಮಲಗಿದ್ರೆ ಗೋಡೆ ಅವನ ಎಡಗಡೆಗೇ ಬರುತ್ತೆ. ಆ ಕಡೆಯಿಂದ ಯಾರೂ ಬರೋ ಹಾಗಿಲ್ಲ.”

ನಾನು ಫೋನ್ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತೆ. ಐದು ದಿನ ನಾನು ಲೋಕಕ್ಕೆಲ್ಲ ಶಾಪ ಹಾಕುತ್ತಿದ್ದಾಗ ಈ ಮನುಷ್ಯ ಟೈರು ಹೊರುತ್ತಿದ್ದ.

ಮಧ್ಯಾಹ್ನ ಅವರೇ ಬಂದರು, ಎಣ್ಣೆ ಮೆತ್ತಿದ ಅಂಗಿಯಲ್ಲೇ. ಬೆಲ್ ಆಯಿತು, ಮೇಷ್ಟ್ರು ಹೋದ ಸಲದಂತೆ ಮೇಜಿನ ಕೆಳಗೆ ಸೇರಿದ. ಅವರು ಎಳೆಯಲಿಲ್ಲ, ಕೂಗಲಿಲ್ಲ. ಬಲಗಡೆಗೆ ಹೋಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಸ್ಕೂಟರಿನ ಕಥೆ ಹೇಳಲು ಶುರು ಮಾಡಿದರು. ಯಾರೋ ಗಿರಾಕಿ ಪೆಟ್ರೋಲ್ ಖಾಲಿಯಾದದ್ದು ತಿಳಿಯದೆ ಎಂಜಿನ್ ಬಿಚ್ಚಿಸಿದ್ದನಂತೆ. ಕಥೆ ಮುಗಿಯುವ ಹೊತ್ತಿಗೆ ಮೇಷ್ಟ್ರ ತಲೆ ಅವರ ತೊಡೆಯ ಮೇಲಿತ್ತು. ಬಾಲ ಎರಡು ಸಲ ನೆಲಕ್ಕೆ ಬಡಿಯಿತು.

ಹೊರಡುವ ಮುಂಚೆ ಅಣ್ಣ ಎಂದಿನಂತೆ ನಮ್ಮನ್ನು ಕೂರಿಸಿದ. ಮಧ್ಯೆ ಮೇಷ್ಟ್ರು, ಆಚೆ ರಿಪೇರಿಯವರು, ಈಚೆ ನಾನು. ಅಣ್ಣ ನೆಲಕ್ಕೆ ಮಲಗಿ ಕ್ಯಾಮೆರಾ ಎತ್ತಿದ. ಅಭ್ಯಾಸಬಲದಿಂದ ನನ್ನ ಕತ್ತು ಆಗಲೇ ಎಡಕ್ಕೆ ತಿರುಗಿತ್ತು.

“ಪುಟ್ಟಿ” ಎಂದ ಅಣ್ಣ. “ಈ ಕಡೆ ನೋಡು.”

ನೋಡಿದೆ. ಕ್ಲಿಕ್ ಎಂದಿತು.

ಮೇಷ್ಟ್ರು ಸ್ಕೂಟರಿನಲ್ಲಿ ಅವರ ಕಾಲ ಬಳಿ ಕೂತು ಹೋದ, ನಾಲಿಗೆ ಎಡಕ್ಕೆ ಹಾರುತ್ತಿತ್ತು. ಮಾರನೆಯ ದಿನ ಸ್ಟುಡಿಯೋಗೆ ಇಳಿಯುವಾಗ ಗೋಡೆಯ ಮೇಲೆ ಇಪ್ಪತ್ನಾಲ್ಕನೆಯ ಫೋಟೋ ಕಂಡಿತು. ಹೊಲಿದ ಕಣ್ಣು ಹಾಗೇ ಇತ್ತು, ಕಿವಿ ಹಾಗೇ ಇತ್ತು. ನನ್ನ ಮಚ್ಚೆ ಕಿವಿಯಿಂದ ತುಟಿಯವರೆಗೆ ಪೂರ್ತಿ ಇತ್ತು. ಆದರೆ ರಿಪೇರಿಯವರ ಅಂಗಿಯ ಎದೆಯ ಮೇಲೆ ಅಂಗೈಯಗಲದ ಎಣ್ಣೆ ಕಲೆಯಿತ್ತಲ್ಲ, ಅದು ಮಾಯ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗೊಣಗಿಕೊಂಡು ಅಣ್ಣನ ಮುಂದೆ ಹೋಗಿ ನಿಂತೆ.

“ಅದನ್ಯಾಕೆ ತೆಗೆದೆ?”

ಅಣ್ಣ ಕಂಪ್ಯೂಟರಿನಿಂದ ತಲೆಯೆತ್ತಲಿಲ್ಲ. “ಅದು ಒಗೆದ್ರೆ ಹೋಗೋದು ಪುಟ್ಟಿ. ಒಗೆದ್ರೆ ಹೋಗೋದನ್ನ ಮಾತ್ರ ತೆಗೆದಿದ್ದೀನಿ.”

ಅವನ ಜೊತೆ ಜಗಳವಾಡಲು ಇನ್ನೂ ಎಷ್ಟೋ ಇತ್ತು, ಮೂವತ್ತು ವರ್ಷದ್ದಿತ್ತು. ಅದನ್ನು ಅಲ್ಲೇ ಬಿಟ್ಟು ಮತ್ತೆ ಮೆಟ್ಟಿಲ ಹತ್ತಿರ ಹೋಗಿ ನೋಡುತ್ತ ನಿಂತೆ. ಐವತ್ತೆರಡು ವರ್ಷಕ್ಕೆ ಇದು ನನ್ನ ಮೊದಲ ಫೋಟೋ. ಅದರಲ್ಲೂ ನನ್ನ ಕಣ್ಣು ಅರ್ಧ ಮುಚ್ಚಿದೆ.